ದುಂಡಪ್ಪನ ಮೊದಲ ತುತ್ತು

ನನ್ನ ಖಾನಾವಳಿಯಲ್ಲಿ ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ ತಮ್ಮದಲ್ಲದ ಚಾಳಿ ತೋರಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಚೆ ಹಂಚುವ ಶಂಕ್ರಪ್ಪನವರು, ದಪ್ಪ ಮೀಸೆಯ ಆಸಾಮಿ, ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯದ ಎರಡನೇ ತುತ್ತಿಗೇ ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳತೊಡಗಿದರು. ಪಕ್ಕದಲ್ಲಿದ್ದವನು ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸದೆ, "ಹೂಗಾರ ಮನಿ ಮುದುಕಿ ಬಂದಾಳ್ರಿ. ಕೈ ತೊಳಕೊಂಡು ಹೋಗಿಬರ್ರಿ, ಪಾಪ, ಕಾಯ್ತಿರ್ತಾರ" ಎಂದ. ಶಂಕ್ರಪ್ಪನವರು ಅರ್ಧ ಊಟ ಬಿಟ್ಟು ಎದ್ದು ಹೋಗಿ ಹೂಗಾರರ ಕಟ್ಟೆಯ ಮೇಲೆ ಕೂತರು. ಆ ಮನೆಯವರು ಸುತ್ತ ನೆರೆದು, ಅವರು ಸೆರಗು ಎಳೆದುಕೊಳ್ಳುವುದನ್ನು ನೋಡಿ ಅತ್ತು, ನಕ್ಕು, ಚಹಾ ಕೊಟ್ಟರು. ಸಂಜೆಯೊಳಗೆ ಮುದುಕಿ ಇಳಿದುಹೋದಳು. ಶಂಕ್ರಪ್ಪನವರು ಉಳಿದ ಕಾಗದಗಳನ್ನು ಹಂಚಿ ಮನೆಗೆ ಹೋದರು.

ನಮ್ಮೂರಿನಲ್ಲಿ ಸತ್ತವರು ಊಟದಲ್ಲಿ ಬರುತ್ತಾರೆ. ಹಿತ್ತಲಲ್ಲಿ ಮಣ್ಣು ಮಾಡಿ, ವರ್ಷ ಕಳೆದ ಮೇಲೆ ಅಲ್ಲೇ ಬದನೆಯೋ ಹೀರೆಯೋ ಹಾಕುತ್ತೇವೆ. ಅದನ್ನು ತಿಂದವರ ಮೈಯಲ್ಲಿ ಸತ್ತವರ ಒಂದು ಚಾಳಿ, ಒಂದೇ ಒಂದು, ಅರ್ಧ ದಿನದ ಮಟ್ಟಿಗೆ ಬಂದು ಹೋಗುತ್ತದೆ. ಕಾಯಿಪಲ್ಯ ಸಂತೆಗೂ ಹೋಗುವುದರಿಂದ ಯಾರ ಅಜ್ಜ ಯಾರ ಕೈಗೆ ಬರುತ್ತಾನೋ ಹೇಳಲಾಗದು. ಅದಕ್ಕೇ ಗುರುತು ತೋರಿಸುವ ಪದ್ಧತಿ ಇದೆ. ಸತ್ತ ಮೂರನೇ ದಿನ ಮನೆಯವರು ಚಾವಡಿಯಲ್ಲಿ ನಿಂತು, ನಮ್ಮವರು ಬಂದರೆ ಹೀಗೆ ಬರುತ್ತಾರೆ ಎಂದು ಊರಿಗೆಲ್ಲ ಮಾಡಿ ತೋರಿಸಬೇಕು. ನೋಡಿದವರು ನೆನಪಿಟ್ಟುಕೊಳ್ಳಬೇಕು. ತಮ್ಮ ಮೈಗೆ ಬಂದ ದಿನ ಆ ಮನೆಗೆ ಹೋಗಿ ಕೂರಬೇಕು. ನಾನು ಬಲ್ಲಂತೆ ಇದನ್ನು ತಪ್ಪಿಸಿದವರು ಇಬ್ಬರೇ. ಒಬ್ಬಳು ಸೊಪ್ಪು ಮಾರುವ ಕಾಶವ್ವ. ಅವಳಿಗಿಂತ ಮೊದಲು ತಪ್ಪಿಸಿದವಳು ನಾನು.

ನನ್ನ ಗಂಡ ದುಂಡಪ್ಪ ಕೆರೆಯ ತೂಬು ಕಾಯುತ್ತಿದ್ದ. ಗದ್ದೆಗಳಿಗೆ ನೀರು ಬಿಡುವುದು, ನಿಲ್ಲಿಸುವುದು, ತೂಬಿಗೆ ಕಸ ಸಿಕ್ಕಿಕೊಂಡರೆ ಮುಳುಗಿ ತೆಗೆಯುವುದು ಅವನ ಕೆಲಸ. ಒಂದು ಶ್ರಾವಣದಲ್ಲಿ ಹಾಗೆ ಮುಳುಗಿದವನು ಮೇಲೆ ಬರಲಿಲ್ಲ. ಐದು ದಿನ ಹುಡುಕಿದರು. ಕೆರೆ ಅವನನ್ನು ಕೊಡಲಿಲ್ಲ. ಮಕ್ಕಳಿಲ್ಲದ ಮನೆ, ಇಪ್ಪತ್ತೆರಡು ವರ್ಷ ನಾವಿಬ್ಬರೇ ಎದುರುಬದುರು ಕೂತು ಉಂಡಿದ್ದೆವು. ಹಿತ್ತಲಲ್ಲಿ ಇಡಲು ಅವನ ಒಂದು ಮೂಳೆಯೂ ನನಗೆ ಸಿಗಲಿಲ್ಲ.

ಅವನು ಬಂದರೆ ಹೇಗೆ ಬರುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಊಟಕ್ಕೆ ಕೂತಾಗ ದುಂಡಪ್ಪ ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ, ಬಾಗಿಲು ತಟ್ಟಿದ ಹಾಗೆ. ಮೊದಲ ತುಂಡು ಮುರಿದು, ಪಲ್ಯದಲ್ಲಿ ಒತ್ತಿ, ನನ್ನ ತಾಟಿನ ಅಂಚಿಗೆ ಇಡುತ್ತಿದ್ದ. ಮಾತಿಲ್ಲ, ನನ್ನ ಮುಖ ನೋಡುವುದೂ ಇಲ್ಲ. ಆಮೇಲೆ ತಾನು ಉಣ್ಣುತ್ತಿದ್ದ. ಜಗಳವಾಡಿದ ದಿನ ನಾನು ಆ ತುಂಡನ್ನು ವಾಪಸು ಅವನ ತಾಟಿಗೆ ತಳ್ಳುತ್ತಿದ್ದೆ. ಅವನು ಮತ್ತೆ ಇತ್ತ ಇಡುತ್ತಿದ್ದ. ಮತ್ತೆ ತಳ್ಳಿದರೆ ಮತ್ತೆ ಇಡುತ್ತಿದ್ದ. ಕೊನೆಗೆ ಹೊಟ್ಟೆ ಹಸಿದು ನಾನೇ ಸೋಲುತ್ತಿದ್ದೆ.

ಇದನ್ನು ನಲವತ್ತಾರು ವರ್ಷದ ಹೆಂಗಸು ಚಾವಡಿಯಲ್ಲಿ ನಿಂತು ಇನ್ನೂರು ಜನರ ಮುಂದೆ ಹೇಗೆ ಮಾಡಿ ತೋರಿಸಬೇಕು? ನಾಚಿಕೆ ಎಂದು ಆಗ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದು ನಾಚಿಕೆಯಲ್ಲ, ಹೊಟ್ಟೆಕಿಚ್ಚು. ದಿನವಿಡೀ ಊರಿಗೆಲ್ಲ ಬಡಿಸುವ ನನಗೆ ಒಬ್ಬ ಮನುಷ್ಯ ತುತ್ತು ಇಡುತ್ತಿದ್ದ. ಅದು ನನ್ನದು, ಮಂದಿಗೆ ಯಾಕೆ ತೋರಿಸಲಿ ಅನ್ನಿಸಿತು. ಹಾಗಾಗಿ ಹುಡುಕುವುದು ನಿಂತ ಮೂರನೇ ದಿನ ಚಾವಡಿ ಹತ್ತಿ, ಎಡಗೈಯಿಂದ ಮೂಗು ಒರೆಸಿಕೊಂಡು, "ತೂಬಿನ ಮ್ಯಾಲ ಹಿಂಗ ಮಾಡ್ತಿದ್ದ, ಎಲ್ಲಾರೂ ನೋಡೀರಿ" ಎಂದು ಹೇಳಿ ಇಳಿದುಬಂದೆ.

ಆ ಸುಳ್ಳಿಗೆ ಸರಿಯಾಗಿ ಅನುಭವಿಸಿದೆ. ಮುಂದಿನ ಚಳಿಗಾಲದಲ್ಲಿ ಊರಿನಲ್ಲಿ ನೆಗಡಿ ಬಂದವರೆಲ್ಲ ನನ್ನ ಕಟ್ಟೆಗೆ ಬಂದು ಕೂತರು. "ನಿನ್ನೆ ಸಣ್ಣ ಮೀನು ತಿಂದಿದ್ದೆ ಅಕ್ಕಾರ, ಬೆಳಿಗ್ಗಿಂದ ಬರೇ ಮೂಗು ಒರಸ್ಕೊಳ್ಳಾಕತ್ತೀನಿ. ಇದು ದುಂಡಪ್ಪಣ್ಣನ ಇರಬೇಕು." ನಾನು ಚಹಾ ಕೊಟ್ಟು ಅವರ ಮೂಗು ನೋಡುತ್ತ ಕೂರಬೇಕಾಗಿತ್ತು. ಅಳು ಬಾರದಿದ್ದರೆ ತಪ್ಪು ತಿಳಿದಾರೆಂದು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

ಮಂದಿಯ ಮೂಲಕ ಬರುವ ದಾರಿಯನ್ನು ನಾನೇ ಮುಚ್ಚಿದ್ದೆ. ಉಳಿದದ್ದು ನನ್ನ ಬಾಯಿ. ಕೆರೆಯಲ್ಲಿ ಇರುವವನನ್ನು ಕೆರೆಯಿಂದಲೇ ತಿನ್ನಬೇಕು ಎಂದು ದಿನಾ ಮೀನು ತರಿಸತೊಡಗಿದೆ. ಅದೂ ದೊಡ್ಡ ಬಾಳೆಮೀನು. ಸಣ್ಣವನ್ನೆಲ್ಲ ನುಂಗಿದ ಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು ದುಂಡಪ್ಪ ಇದ್ದಾನು ಎಂಬುದು ನನ್ನ ಬುದ್ಧಿವಂತಿಕೆ. ಹೀಗೆ ಎರಡು ವರ್ಷ ತಿಂದೆ. ಉಣ್ಣುವ ಮೊದಲು ನನ್ನ ಬಲಗೈಯನ್ನೇ ನೋಡುತ್ತ ಕೂರುತ್ತಿದ್ದೆ. ಗೆಣ್ಣು ರೊಟ್ಟಿಯನ್ನು ತಟ್ಟೀತೆ ಎಂದು ಕಾಯುತ್ತಿದ್ದೆ. ಕೈ ನನ್ನದೇ ಆಗಿರುತ್ತಿತ್ತು, ಸುಟ್ಟ ಕಲೆಗಳು, ಹಿಟ್ಟು ಮೆತ್ತಿದ ಉಗುರು. ಒಮ್ಮೊಮ್ಮೆ ಬೆರಳು ಅದುರಿದಂತೆ ಅನ್ನಿಸಿ ಉಸಿರು ಹಿಡಿಯುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ರೊಟ್ಟಿ ಆರಿಹೋಗುತ್ತಿತ್ತು.

ದಿನಾ ಮನೆಗೆ ಮೀನು ತಂದುಕೊಡುತ್ತಿದ್ದವನು ಅಂಬಿಗರ ಯಮನಪ್ಪಜ್ಜ. ಅವನಿಗೆ ದೋಣಿ ಬಿಟ್ಟರೆ ಒಂದು ಕರಿ ನಾಯಿ, ಅಷ್ಟೇ ಸಂಸಾರ. ಒಂದು ದಿನ ನಾನೇ ದಂಡೆಗೆ ಹೋದಾಗ ಅಜ್ಜ ಸೀಗಡಿ ಸಾರಿನೊಂದಿಗೆ ರೊಟ್ಟಿ ತಿನ್ನುತ್ತಿದ್ದ. ನಾಯಿ ಅವನ ಕೈಯನ್ನೇ ನೋಡುತ್ತ ಕೂತಿತ್ತು. ಇವತ್ತೂ ಬಾಳೆಮೀನೇ ಕೊಡು ಎಂದೆ. ಅಜ್ಜ ಬೇಡವೆಂದು ತಲೆಯಾಡಿಸಿದ.

"ನಿಂಬೆವ್ವಾ, ನೀ ತಲಿಕೆಳಗ ಹುಡುಕಾಕತ್ತಿ. ಬಾಳೆಮೀನು ದೊಡ್ಡದು ಖರೆ. ಅದು ತಿಂದದ್ದು ಸಣ್ಣ ಮೀನು. ಸಣ್ಣ ಮೀನು ತಿಂದದ್ದು ಸೀಗಡಿ. ಸೀಗಡಿ ತಿಂದದ್ದು ಪಾಚಿ. ಪಾಚಿ ಬಿಸಲು ಕುಡದು, ನಿನ್ನ ಗಂಡನ ಸಾರ ಉಂಡು ಬೆಳದೈತಿ. ಒಂದೊಂದು ಬಾಯಿ ದಾಟುವಾಗೂ ಹತ್ತು ಪಾಲಿನಾಗ ಒಂಬತ್ತು ಪಾಲು ಅಲ್ಲೇ ಮುಗೀತೈತಿ."

"ಎಲ್ಲಿ ಹೋಗತೈತಿ ಯಜ್ಜಾ?"

"ಅದೂ ಬದುಕಬೇಕಲ್ಲವಾ. ಈಸಬೇಕು, ಓಡಬೇಕು, ಮರಿ ಮಾಡಬೇಕು, ಹೆದರಬೇಕು. ಎಲ್ಲಾದಕ್ಕೂ ಮೈಯಾನ ಕಾವು ಬೇಕು. ಬಾಳೆಮೀನು ನಿನ್ನ ತಾಟಿಗೆ ಬರೂದ್ರಾಗ ದುಂಡಪ್ಪ ಕಣ್ಣರೆಪ್ಪಿ ಬಡಿಯೋವಷ್ಟು ಉಳದಿರತಾನ, ಅಷ್ಟ."

ನಾನು ದಂಡೆಯ ಮೇಲೆ ಕೂತುಬಿಟ್ಟೆ. ಎರಡು ವರ್ಷ ನಾನು ತಿಂದದ್ದು ಮೀನಿನ ಈಸಾಟವನ್ನು. ಅಜ್ಜನಿಗೆ ಮರುಕ ಬಂತೇನೋ, ಬುಟ್ಟಿಯಿಂದ ಒಂದು ಹಿಡಿ ಸೀಗಡಿ ತೆಗೆದು ನನ್ನ ಸೆರಗಿಗೆ ಹಾಕಿದ.

"ಅಂವನ ಎಲುವಿನ ಸುಣ್ಣ, ರಕ್ತದಾನ ಉಪ್ಪು ಎಲ್ಲೂ ಹೋಗೂದಿಲ್ಲ. ಬಾಯಿಂದ ಬಾಯಿಗೆ, ಬಾಯಿಂದ ಮಣ್ಣಿಗೆ, ಮಣ್ಣಿಂದ ಗಿಡಕ್ಕ ಸುತ್ತತಾ ಇರತೈತಿ. ಕಾವು ಮಾತ್ರ ಹೋತಂದ್ರ ಹೋತು. ಮಂದಿ ಚಾಳಿ ಇರೂದು ಆ ಕಾವಿನಾಗ. ಅದಕ್ಕ ಲಗೂ ಹುಡುಕು," ಎಂದ.

ಅಂದಿನಿಂದ ನಾನು ಕೆಳಕ್ಕಿಳಿದೆ. ಸೀಗಡಿ ತಿಂದೆ. ದಂಡೆಯ ಜವುಗಿನಲ್ಲಿ ಬೆಳೆದ ಸೊಪ್ಪು ತಿಂದೆ. ತಾವರೆ ಗೆಡ್ಡೆ ತಿಂದೆ. ಕೊನೆಗೆ ಒಂದು ದಿನ ತೂಬಿನ ಕಲ್ಲಿನಿಂದ ಪಾಚಿಯನ್ನೇ ಕೆರೆದು ತಂದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಿಂದು, ಮಧ್ಯಾಹ್ನವಿಡೀ ವಾಂತಿ ಮಾಡಿಕೊಂಡೆ. ಊಟಕ್ಕೆ ಬಂದವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹಾಗೇ ಹೊರಟುಹೋದರು. ಮೂರನೇ ವರ್ಷ ಅರ್ಧ ಕಳೆದಿತ್ತು. ನನಗೆ ಅವನ ಮುಖವೇ ಮಸಕಾಗತೊಡಗಿತ್ತು. ಕೈ ಮಾತ್ರ ಕಣ್ಣಿಗೆ ಕಟ್ಟಿತ್ತು, ಆ ಗೆಣ್ಣು, ಆ ಎರಡು ತಟ್ಟು.

"ಕೆರಿಯಾಗಿಲ್ಲ ಅಂದ್ರ ಹಕ್ಕಿ ಒಯ್ದಿರಬೇಕು," ಎಂದ ಯಮನಪ್ಪಜ್ಜ. "ಬೆಳ್ಳಕ್ಕಿ ಸೀಗಡೀನ ಹೆಚ್ಚು ತಿಂತಾವ. ಉಂಡದ್ದೆಲ್ಲಾ ಅವಕ್ಕ ಅರಗೂದಿಲ್ಲ. ಹಿಕ್ಕಿಯಾಗ ಕಾವು ಉಳದಿರತೈತಿ. ಅವು ಎಲ್ಲಿ ಕುಂಡರತಾವು ಅಲ್ಲಿ ಹೋಗಿ ನೋಡು."

ಬೆಳ್ಳಕ್ಕಿಗಳು ಕೂರುತ್ತಿದ್ದದ್ದು ಊರ ಹೊರಗಿನ ಹುಣಸೆ ತೋಪಿನಲ್ಲಿ. ಆ ತೋಪಿನ ಕೆಳಗೆ ಕಾಶವ್ವನ ಸೊಪ್ಪಿನ ಮಡಿಗಳು. ದಿನಾ ಬೆಳಿಗ್ಗೆ ನನಗೆ ಮೆಂತ್ಯ, ರಾಜಗಿರಿ ತಂದುಕೊಡುವವಳೇ ಅವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಮದುವೆಯಾಗದವಳು, ಮಾತು ಕಡಿಮೆ. ಒಂದೂವರೆ ವರ್ಷದ ಹಿಂದೆ ನನ್ನಲ್ಲಿ ಒಂದು ಹಳೇ ತಾಟು ಕೇಳಿ ಒಯ್ದಿದ್ದಳು. "ಯಾರು ಬಂದಾರ ಕಾಶಕ್ಕಾ ಮನಿಗೆ?" ಎಂದು ನಾನು ಚೇಷ್ಟೆ ಮಾಡಿದ್ದೆ. ಅವಳು ನಗದೆ ಹೋಗಿದ್ದಳು. ಎಲ್ಲ ಸೊಪ್ಪೂ ತರುತ್ತಿದ್ದ ಕಾಶಕ್ಕ ಆಗಿನಿಂದ ಹುಳಿ ಪುಂಡಿ ಸೊಪ್ಪು ಮಾತ್ರ ತರುವುದನ್ನು ನಿಲ್ಲಿಸಿದ್ದಳು. ಕೇಳಿದರೆ ಹುಳ ಬಿದ್ದಿದೆ ಎನ್ನುತ್ತಿದ್ದಳು.

ನಾನು ಹೋದದ್ದು ಬಿರುಬಿಸಿಲಿನ ಮಧ್ಯಾಹ್ನ. ಎಲ್ಲಕ್ಕಿಂತ ದೊಡ್ಡ ಹುಣಸೆ ಮರದ ಬುಡ ಹಕ್ಕಿಗಳ ಹಳೇ ಹಿಕ್ಕೆಯಿಂದ ಸುಣ್ಣ ಎರಚಿದ ಹಾಗೆ ಬೆಳ್ಳಗಿತ್ತು. ಆ ಬಿಳುಪಿನ ನಡುವೆ ಪುಂಡಿಯ ಮಡಿ, ಎದೆಯೆತ್ತರಕ್ಕೆ, ಕಪ್ಪು ಹಸಿರಾಗಿ ನಿಂತಿತ್ತು. ಒಂದು ಎಲೆಗೂ ಹುಳದ ತೂತಿರಲಿಲ್ಲ. ಗುಡಿಸಲ ಬಾಗಿಲು ತೆರೆದಿತ್ತು. ಒಳಗೆ ಕಾಶಕ್ಕ ಊಟಕ್ಕೆ ಕೂತಿದ್ದಳು, ಒಬ್ಬಳೇ. ಆದರೆ ತಾಟು ಎರಡಿದ್ದವು. ಎದುರಿಗಿದ್ದದ್ದು ನಾನು ಕೊಟ್ಟ ಅಂಚು ನೆಗ್ಗಿದ ತಾಟು. ಕಾಶಕ್ಕ ರೊಟ್ಟಿಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಮುರಿದಳು. ಪಲ್ಯದಲ್ಲಿ ಒತ್ತಿದಳು. ಆ ತುಂಡನ್ನು ಎದುರಿನ ಖಾಲಿ ತಾಟಿನ ಅಂಚಿಗೆ ಇಟ್ಟಳು.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕಾಶಕ್ಕ ತಲೆಯೆತ್ತಿದಳು. ಸಿಕ್ಕಿಬಿದ್ದವಳ ಮುಖ ಅದು.

"ಯಾರದು ಅಂತ ನನಗ ಗೊತ್ತಿಲ್ಲ ನಿಂಬೆವ್ವಾ," ಎಂದಳು ನಾನು ಕೇಳುವ ಮೊದಲೇ. "ಚಾವಡಿಯಾಗ ಯಾರೂ ಇದನ್ನ ತೋರಿಸಿಲ್ಲ. ಮೊದಮೊದಲ ಹುಡುಕಿದೆ. ಆಮ್ಯಾಲ ಬಿಟ್ಟೆ."

"ಯಾಕ ಬಿಟ್ಟಿ?"

"ಯಾರಾರ ಬಂದು ಇದು ನಮ್ಮದು ಅಂದ್ರ?" ಅವಳು ಎದುರಿನ ತಾಟನ್ನು ತನ್ನತ್ತ ಸ್ವಲ್ಪ ಎಳೆದುಕೊಂಡಳು. "ನಲವತ್ತು ವರ್ಷ ಒಬ್ಬಾಕೀನ ಉಂಡೀನಿ. ಕೈ ತಾನಾಗಿ ಇನ್ನೊಬ್ಬರಿಗೆ ತುತ್ತು ಇಡಾಕ ಹೋತು. ನೆಲದ ಮ್ಯಾಲ ಹೆಂಗ ಇಡಲಿ? ಅದಕ್ಕ ನಿನ್ನ ಕಡೆ ತಾಟು ಕೇಳಿದೆ."

ಕಳ್ಳಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗುರುತನ್ನು ಮುಚ್ಚಿಟ್ಟವಳು ನಾನು, ಅವಳು ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು? ಒಳಗೆ ಹೋಗಿ ನೆಗ್ಗಿದ ತಾಟಿನ ಮುಂದೆ ಕೂತೆ. "ಇನ್ನೊಂದು ರೊಟ್ಟಿ ತಗೋ," ಎಂದೆ.

ಅವಳು ತಗೊಂಡಳು. ತಟ್ಟಿದಳು, ಎರಡು ಸಲ. ಮೊದಲ ತುಂಡು ನನ್ನ ತಾಟಿನ ಅಂಚಿಗೆ ಬಂತು. ಅವಳು ನನ್ನ ಮುಖ ನೋಡಲಿಲ್ಲ. ಮೂರು ವರ್ಷದ ಸಿಟ್ಟು ನನ್ನ ಬೆರಳಿಗೆ ಬಂದು, ಆ ತುಂಡನ್ನು ಅವಳ ತಾಟಿಗೆ ತಳ್ಳಿದೆ. ಹೇಳದೆ ಮುಳುಗಿ ಹೋದೆಯಲ್ಲ ಎಂದು ತಳ್ಳಿದೆ. ಕಾಶಕ್ಕನ ಕೈ ಅದನ್ನು ಎತ್ತಿ ಮತ್ತೆ ಇತ್ತ ಇಟ್ಟಿತು. ಅವಳೇ ಬೆರಗಾಗಿ ತನ್ನ ಕೈ ನೋಡಿಕೊಂಡಳು, ಖಾಲಿ ತಾಟು ಯಾವತ್ತೂ ತುತ್ತನ್ನು ವಾಪಸು ತಳ್ಳಿರಲಿಲ್ಲವಲ್ಲ. ನಾನು ಮತ್ತೆ ತಳ್ಳಿದೆ. ಕೈ ಮತ್ತೆ ಇಟ್ಟಿತು. ಆಮೇಲೆ ನಾನು ಆ ತುತ್ತು ತಿಂದು ಬಾಯಿ ತೆರೆದು ಅತ್ತೆ.

"ದುಂಡಪ್ಪನಾ?" ಎಂದಳು ಕಾಶಕ್ಕ. ನಾನು ತಲೆಯಾಡಿಸಿದೆ. ಅವಳು ಎದ್ದು ಹೋಗಿ ಅರ್ಧ ಮಡಿ ಪುಂಡಿಯನ್ನು ಕೊಯ್ದು ಕಟ್ಟಿ ನನ್ನ ಮುಂದೆ ತಂದಿಟ್ಟಳು. "ಒಯ್ಯಿ. ನಿನ್ನ ಗಂಡ," ಎಂದಳು. ಈ ವರ್ಷ ಬೆಳ್ಳಕ್ಕಿಗಳು ತೋಪು ಬಿಟ್ಟು ಎಲ್ಲಿಗೋ ಹೋಗಿವೆ, ಹೊಸ ಹಿಕ್ಕೆ ಬಿದ್ದಿಲ್ಲ, ಈ ಮಡಿ ಮುಗಿದರೆ ಮುಗಿಯಿತು ಎಂದೂ ಹೇಳಿದಳು.

ಮನೆಗೆ ತಂದು ಅಡುಗೆ ಮಾಡಿ ಉಣ್ಣಲು ಕೂತೆ. ಎರಡನೇ ತುತ್ತಿಗೆ ಬಂದ. ನನ್ನದೇ ಗೆಣ್ಣು ರೊಟ್ಟಿಯನ್ನು ತಟ್ಟಿತು. ನನ್ನದೇ ಬೆರಳು ತುಂಡು ಮುರಿದು, ಪಲ್ಯದಲ್ಲಿ ಒತ್ತಿ, ಎದುರಿಗೆ ಚಾಚಿತು. ಎದುರಿಗೆ ಗೋಡೆ. ಕೈ ಅಲ್ಲೇ ನಿಂತಿತು. ಇಳಿಸಲು ನೋಡಿದರೆ ಇಳಿಯದು. ಮೂರು ವರ್ಷ ಪಾಚಿಯವರೆಗೂ ತಿಂದು ನಾನು ಬೇಡಿಕೊಂಡದ್ದು ಇದನ್ನೇ, ಅವನು ನನ್ನ ಕೈಯೊಳಗೆ ಬರಲಿ ಎಂದು. ಬಂದ. ನನ್ನ ಕೈಯೊಳಗೇ ಇದ್ದವನು ನನಗೆ ಹೇಗೆ ಉಣಿಸಬೇಕು? ಎಷ್ಟು ದಡ್ಡಿ ನಾನು ಎಂದು ನನಗೆ ಆವತ್ತು ತಿಳಿಯಿತು. ಮರುದಿನ ಮಧ್ಯಾಹ್ನ ಉಳಿದ ಕಟ್ಟನ್ನು ಹೊತ್ತುಕೊಂಡು ಗುಡಿಸಲಿಗೆ ಹೋದೆ.

"ನೀ ಪಲ್ಯ ಉಣ್ಣು ಕಾಶಕ್ಕಾ. ನಾ ಬರೇ ರೊಟ್ಟಿ ಉಣ್ತೀನಿ," ಎಂದೆ. ಅವಳಿಗೆ ಅರ್ಥವಾಯಿತು. ಒಲೆಯ ಮೇಲೆ ಎರಡು ಜನಕ್ಕೆ ರೊಟ್ಟಿ ಬಡಿದಳು.

ಹಾಗೆ ಒಂದು ತಿಂಗಳು ನಡೆಯಿತು. ಮಧ್ಯಾಹ್ನ ಖಾನಾವಳಿಗೆ ಬೀಗ ಹಾಕಿ ಹೊರಟುಬಿಡುತ್ತಿದ್ದೆ. ಶಂಕ್ರಪ್ಪನವರು, "ಊರಿಗೆ ಉಪವಾಸ ಹಾಕಿ ಎಲ್ಲಿ ಹೊಂಟ್ರಿ ಅಕ್ಕಾರ?" ಎಂದರೆ, "ಊಟಕ್ಕ" ಎನ್ನುತ್ತಿದ್ದೆ. ಜಗಳವೂ ಆಡಿದೆವು, ನಾನು ಮತ್ತು ಅವನು. ತಳ್ಳಿದೆ, ಇಟ್ಟ. ಕಾಶಕ್ಕ ನಡುವೆ ಕೂತು ನಗುತ್ತಿದ್ದಳು. ತುತ್ತು ಬಿಸಿಯಾಗಿರುತ್ತಿತ್ತು, ಅದು ರೊಟ್ಟಿಯ ಬಿಸಿ ಎಂದು ನನಗೆ ಗೊತ್ತಿತ್ತು, ಆದರೂ ಬಾಯಿಗೆ ಹಾಕುವ ಮೊದಲು ಒಂದು ಗಳಿಗೆ ಬೆರಳಲ್ಲೇ ಹಿಡಿದಿರುತ್ತಿದ್ದೆ. ಮಡಿ ಸಣ್ಣದಾಗುತ್ತ ಬಂತು. ಹೊಸ ಚಿಗುರು ಬರುತ್ತಿತ್ತು, ಅದರಲ್ಲಿ ಹುಳಿ ಇತ್ತು, ಅವನು ಕಡಿಮೆ. ಮೊದಲು ಗೆಣ್ಣು ತಟ್ಟುವುದು ನಿಂತಿತು. ಆಮೇಲೆ ತಳ್ಳಿದ ತುತ್ತು ವಾಪಸು ಬರಲಿಲ್ಲ. ಅಂದಿನಿಂದ ನಾನು ತಳ್ಳುವುದನ್ನು ಬಿಟ್ಟೆ. ಕೊನೆಯ ದಿನ ಕಾಶಕ್ಕ ತುಂಡು ಮುರಿದು, ಪಲ್ಯದಲ್ಲಿ ಒತ್ತಿ, ಕೈಯೆತ್ತಿದಳು. ಕೈ ಎರಡು ತಾಟುಗಳ ನಡುವೆ ನಿಂತಿತು, ಎಲ್ಲಿಗೆ ಹೊರಟಿದ್ದೆ ಎಂದು ಮರೆತಂತೆ. ಹಾಗೇ ಹಿಂದಕ್ಕೆ ತಿರುಗಿ ಅವಳದೇ ಬಾಯಿಗೆ ಹೋಯಿತು.

"ಹೋದ," ಎಂದಳು ಕಾಶಕ್ಕ, ತುತ್ತು ಬಾಯಲ್ಲಿ ಇಟ್ಟುಕೊಂಡೇ. ನುಂಗಲಾಗದೆ ಅತ್ತಳು. ನನಗಿಂತ ಹೆಚ್ಚು ಅವಳೇ ಅತ್ತಳು.

ಸೋಮವಾರ ನಾನು ಚಾವಡಿಗೆ ಹೋದೆ. ಮೂರು ವರ್ಷ ತಡವಾಗಿ ಗುರುತು ತೋರಿಸಲು ಬಂದವಳನ್ನು ಊರು ಅದುವರೆಗೆ ಕಂಡಿರಲಿಲ್ಲ. ಇನ್ನು ತೋರಿಸಿ ಏನು ಪ್ರಯೋಜನ ಎಂದು ಕಾಶಕ್ಕ ಕೇಳಿದ್ದಳು. ಪ್ರಯೋಜನಕ್ಕಲ್ಲ, ಮೂಗು ಒರೆಸಿಕೊಳ್ಳುವವನೆಂದು ಊರು ಅವನನ್ನು ನೆನೆಯುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಕಾಶಕ್ಕನನ್ನು ಎದುರಿಗೆ ಕೂರಿಸಿಕೊಂಡೆ. ತಾಟು ಎರಡು, ರೊಟ್ಟಿ ಒಂದು. "ನಾ ಅವತ್ತು ಸುಳ್ಳು ಹೇಳಿದ್ದೆ. ನನ್ನ ಗಂಡನ ಗುರುತು ಇದು," ಎಂದು ಹೇಳಿ, ತಟ್ಟಿ, ಮುರಿದು, ಅವಳ ತಾಟಿನ ಅಂಚಿಗೆ ಇಟ್ಟೆ. ಹೆಂಗಸರಲ್ಲಿ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ. ನಾಚಿಕೆಯಾಗುತ್ತದೆಂದು ನಾನು ಮೂರು ವರ್ಷ ಹೆದರಿದ್ದೆ, ಅದು ಬರಲೇ ಇಲ್ಲ.

ಆಗ ಹಿಂದಿನ ಕಂಬಕ್ಕೆ ಒರಗಿದ್ದ ಯಮನಪ್ಪಜ್ಜ ನಿಧಾನವಾಗಿ ಎದ್ದುನಿಂತ.

"ಇದಾ?" ಎಂದ. "ನಿಂಬೆವ್ವಾ, ಇದು ನನಗ ಬಂದಿತ್ತಲ್ಲವಾ. ಅಂವ ಹೋದ ಮೊದಲನೇ ವರ್ಷನ, ಸೀಗಡಿ ಉಣ್ಣುವಾಗ. ಕೈ ತಾನಾಗಿ ಮೊದಲ ತುತ್ತು ಮುರದು ಮುಂದ ಇಡ್ತಿತ್ತು. ದೋಣಿಯಾಗ ಮುಂದ ಇದ್ದದ್ದು ನಾಯಿ ಒಂದ. ನಾಯಿ ಮ್ಯಾಲಿನ ಪ್ರೀತಿ ಅಂತ ತಿಳಕೊಂಡೆ ನಾ. ಆರು ತಿಂಗಳು, ದಿನಾ, ಎಲ್ಲಾ ಅದಕ್ಕ ಹಾಕಿದೆ."

ಆರು ತಿಂಗಳು. ದುಂಡಪ್ಪ ಇನ್ನೂ ಮೈತುಂಬ ಕಾವಿನಲ್ಲಿ ಇದ್ದ ಕಾಲ ಅದು. ನಾನು ಆಗ ಅದೇ ಅಜ್ಜನಿಂದ ಬಾಳೆಮೀನು ಕೊಳ್ಳುತ್ತಿದ್ದೆ, ದಿನಾ ಅವನೊಂದಿಗೆ ಮಾತಾಡುತ್ತಿದ್ದೆ.

"ನಾಯಿ ಉಂಡತೇನು ಯಜ್ಜಾ?" ಎಂದು ಕೇಳಿದೆ.

"ಉಂಡತವಾ. ಮೊದಲ ತನ್ನ ಮೂತಿಯಿಂದ ಇತ್ತಾಗ ತಳ್ಳತಿತ್ತು. ನಾ ಮತ್ತ ಇಡ್ತಿದ್ದೆ. ಆಮ್ಯಾಲ ಉಣ್ತಿತ್ತು."

ನಾನು ನಕ್ಕೆನೋ ಅತ್ತೆನೋ ಇವತ್ತಿಗೂ ನೆನಪಿಲ್ಲ, ಕಾಶಕ್ಕ ಎರಡೂ ಎನ್ನುತ್ತಾಳೆ. ಈಗ ಅವಳು ಮಧ್ಯಾಹ್ನ ಸೊಪ್ಪು ಮಾರಿ ಮುಗಿಸಿ ನನ್ನಲ್ಲೇ ಉಣ್ಣುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಕರಿ ನಾಯಿಯೂ ಕೆರೆಯಿಂದ ಬಂದು ಹೊಸ್ತಿಲಲ್ಲಿ ಕೂರುತ್ತದೆ. ಅದಕ್ಕೆ ವಯಸ್ಸಾಗಿದೆ, ಒಂದು ಕಣ್ಣು ಕಾಣುವುದಿಲ್ಲ. ದುಂಡಪ್ಪನ ಕೈಯಿಂದ ಉಂಡವರು ಈ ಊರಿನಲ್ಲಿ ನಾನು ಬಿಟ್ಟರೆ ಅದೊಂದೇ. ಮೊದಲ ರೊಟ್ಟಿ ಒಲೆಯಿಂದ ಇಳಿದ ಕೂಡಲೇ ಒಂದು ತುಂಡು ಮುರಿದು ಅದರ ಮುಂದೆ ಇಡುತ್ತೇನೆ. ನಾಯಿ ಮೂತಿಯಿಂದ ಅದನ್ನು ಒಮ್ಮೆ ನನ್ನತ್ತ ತಳ್ಳಿ, ನನ್ನ ಕೈ ನೋಡುತ್ತ ಕಾಯುತ್ತದೆ.